ಅಡವಿಯ ಹುಟ್ಟುವಳಿ ಯಾರ ಪಾಲಿಗೆ?

ಒಂದು ನಾಡಿನ ಐಶ್ವರ್ಯವನ್ನು ಅಳೆಯಹೊರಟವರು ಸಾಮಾನ್ಯವಾಗಿ ಅದರ ಹೊಲಗದ್ದೆಗಳನ್ನೂ ಗಿರಣಿ ಕಾರಖಾನೆಗಳನ್ನೂ ಪೇಟೆ ಪಟ್ಟಣಗಳನ್ನೂ ಲೆಕ್ಕಕ್ಕೆ ಹಿಡಿಯುವರು. ಅಡವಿಯನ್ನು ಎಣಿಸಿದರೂ ಸಾಗವಾನಿ, ಬೀಟೆ, ಮತ್ತಿಗಳ ನಾಟಾ ಎಷ್ಟು ದೊರೆತೀತೆಂಬ ದೃಷ್ಟಿಯಿಂದಲೇ ಎಣಿಸುವರು. ಈ ಲೆಕ್ಕದಂತೆ ನೋಡಿದರೆ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ ತಾಲೂಕುಗಳಲ್ಲಿ ಅಡವಿಯೆಂಬುದೇ ಇಲ್ಲವೆಂದು ಬರೆದು ಕಡತವನ್ನು ಕಟ್ಟಿಡಬೇಕಾದೀತು. ಬೀದರವು ಕರ್ನಾಟಕದಲ್ಲಿ ಅತ್ಯಲ್ಪ ಅರಣ್ಯವುಳ್ಳ ಜಿಲ್ಲೆಗಳ ಸಾಲಿನಲ್ಲಿ ನಿಲ್ಲುವಂಥದು. ಇರುವಷ್ಟು ಅಡವಿಯೂ ಜಂಬಿಟ್ಟಿಗೆಯ ಕೆಂಪು ಗುಡ್ಡಗಳ ಮೇಲೆ ಬೆಳೆದ ಕುರುಚಲು. ಮಳೆಗಾಲದಲ್ಲಿ ಹಸುರಾಗಿ, ಬೇಸಗೆಯಲ್ಲಿ ಎಲೆ ಕಳಚಿ ಬೋಳಾಗಿ ನಿಲ್ಲುವಂಥದು. ಘಟ್ಟದ ಮಹಾವೃಕ್ಷಗಳನ್ನು ಕಂಡು ಬಂದ ಕಣ್ಣಿಗೆ ಇದು ಅಡವಿಯೆಂದು ತೋರದಿದ್ದರೆ ಆಶ್ಚರ್ಯವಿಲ್ಲ.

ಆದರೆ ಕಣ್ಣಿಗೆ ತೋರದ ಈ ಅಡವಿಯೇ ಸಾವಿರಾರು ಬಡ ಸಂಸಾರಗಳ ಒಲೆಯನ್ನು ವರ್ಷದ ಕೆಲವು ತಿಂಗಳ ಮಟ್ಟಿಗಾದರೂ ಉರಿಸುತ್ತಿದೆ ಎಂಬುದನ್ನು ನಮ್ಮ ವಾಚಕ ಮಹಾಶಯರು ಬಲ್ಲರೆ? ಬೇಸಗೆಯಲ್ಲಿ ಹುಣಸೆ, ಹೊಂಗೆಯ ಕಾಯಿ, ಬೀಡಿಯ ಎಲೆ, ಪತ್ರೋಳಿಗೆ ಬೇಕಾಗುವ ಮುತ್ತುಗದ ಎಲೆ; ಮೃಗಶಿರೆಯ ಹೊತ್ತಿಗೆ ಬೇವಿನ ಬೀಜ; ದಸರೆಯಿಂದ ದೀಪಾವಳಿಯ ಆಚೆಯವರೆಗೆ ಸೀತಾಫಲ; ಚಳಿಗಾಲದಲ್ಲಿ ನೆಲ್ಲಿ, ಬೋರೆ; ಉಳಿದ ದಿನಗಳಲ್ಲಿ ಕಸಬರಿಗೆ ಚಾಪೆಗಳಿಗೆ ಈಚಲು ಗರಿ, ಅಲ್ಲಿಷ್ಟು ಜೇನು, ಇಲ್ಲಿಷ್ಟು ಗೋಂದು, ವೈದ್ಯರಿಗೆ ಬೇಕಾದ ಬೇರು ತೊಗಟೆ. ಹೀಗೆ ಋತುಚಕ್ರವು ಉರುಳಿದಂತೆಲ್ಲ ಕಾಡಿನ ಕಣಜವೂ ಒಂದೊಂದಾಗಿ ಬಾಗಿಲು ತೆರೆಯುವುದು. ಆ ಬಾಗಿಲ ಮುಂದೆ ನಿಲ್ಲುವವರು ಯಾರು? ತಾಂಡೆಗಳ ಲಂಬಾಣಿಗಳು, ಗೊಂಡರು, ಬುಟ್ಟಿ ಮೊರ ಹೆಣೆಯುವ ಮೇದಾರರು, ಹೊಲವಿಲ್ಲದ ಹರಿಜನ ಕೂಲಿಕಾರರು. ಅವರಲ್ಲಿಯೂ ಬಹುಮಟ್ಟಿಗೆ ಹೆಂಗಸರು. ತೊಗರಿಯ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ನಿಂತಾಗ ಈ ಜನರಿಗೆ ಎರಡೇ ದಾರಿ. ಒಂದು ಅಡವಿಯ ದಾರಿ. ಮತ್ತೊಂದು ಹೈದರಾಬಾದ, ಪುಣೆ, ಮುಂಬಯಿಗಳಿಗೆ ಕೂಲಿಗಾಗಿ ಗುಳೆ ಹೋಗುವ ದಾರಿ. ಮೊದಲನೆಯ ದಾರಿ ಕಿರಿದಾದಷ್ಟೂ ಎರಡನೆಯದರಲ್ಲಿ ಸಂದಣಿ ಹೆಚ್ಚುವುದು. ಮಕ್ಕಳು ಶಾಲೆ ಬಿಡುವರು, ಮುದುಕರು ತಾಂಡೆಯಲ್ಲಿ ಒಂಟಿಯಾಗಿ ಉಳಿಯುವರು, ಊರು ಅರೆಬರಿದಾಗುವುದು.

ಇಷ್ಟು ಮಹತ್ತ್ವದ ಪದಾರ್ಥಗಳಿಗೆ ಸರಕಾರದ ಕಡತಗಳಲ್ಲಿ ‘ಕಿರು ಅರಣ್ಯ ಉತ್ಪನ್ನ’ವೆಂಬ ಹೆಸರು. ನಾಟಾ ಹಿರಿದು, ಹಣ್ಣು ಹೂವು ಎಲೆ ಕಿರಿದು ಎಂಬ ಈ ತಾರತಮ್ಯವು ನಮ್ಮ ಹಿರಿಯರದಲ್ಲ. ರೈಲುಹಾದಿಗೆ ಮರದ ತೊಲೆ ಬೇಕಾದ ಪರಕೀಯ ಸರಕಾರವು 1878ರಲ್ಲಿಯೂ ಅನಂತರ 1927ರಲ್ಲಿಯೂ ಮಾಡಿದ ಅರಣ್ಯ ಕಾಯಿದೆಗಳು ಕಲಿಸಿದ ಪಾಠವದು. ತಲೆತಲಾಂತರದಿಂದ ಹಕ್ಕಾಗಿದ್ದುದು ಆ ಕಾಯಿದೆಗಳಲ್ಲಿ ರಿಯಾಯತಿಯಾಯಿತು. ರಿಯಾಯತಿಯು ಕಾಲಕ್ರಮದಲ್ಲಿ ಅಪರಾಧವಾಯಿತು. ಇದನ್ನು ಕನ್ನಡಿಗರು ಬಾಯಿ ಮುಚ್ಚಿಕೊಂಡು ಸಹಿಸಲಿಲ್ಲವೆಂಬುದು ನಮ್ಮ ಹೆಮ್ಮೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಬೆನ್ನಿಗೇ ಉತ್ತರ ಕನ್ನಡ, ಧಾರವಾಡ ಸೀಮೆಗಳಲ್ಲಿ ಜಂಗಲ್ ಸತ್ಯಾಗ್ರಹ ನಡೆಯಿತು. 1939ರಲ್ಲಿ ಮೈಸೂರು ಸಂಸ್ಥಾನದ ತುರುವನೂರಿನಲ್ಲಿ ಜನರು ಈಚಲು ಮರಗಳಿಗೆ ಕೊಡಲಿ ಹಾಕಿ ಸೆರೆಮನೆಗೆ ನಡೆದರು. ನಿಜಾಮರ ರಾಜ್ಯದಲ್ಲಿಯೂ 1947ರ ಹೋರಾಟದಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಸಿಂದಿಯ ಮರಗಳನ್ನು ಕಡಿದು ದೊರೆಯ ಬೊಕ್ಕಸಕ್ಕೆ ಪೆಟ್ಟುಕೊಟ್ಟರು. ಬಸವಕಲ್ಯಾಣದ ಸೀಮೆಯ ಗೋರಟಾ ಗ್ರಾಮವು 1948ರ ಮೇ ತಿಂಗಳಲ್ಲಿ ರಜಾಕಾರರ ಕೈಯಲ್ಲಿ ತೆತ್ತ ರಕ್ತದ ಬೆಲೆಯನ್ನು ಈ ನಾಡು ಮರೆಯಲಾರದು. ಆ ವರ್ಷದ ಸೆಪ್ಟೆಂಬರ 17ರಂದು ವಿಮೋಚನೆಯಾಯಿತು. 1956ರಲ್ಲಿ ಬೀದರವು ಕನ್ನಡ ನಾಡಿನೊಡನೆ ಒಂದಾಯಿತು. ದೊರೆ ಹೋದನು, ಧ್ವಜ ಬದಲಾಯಿತು. ಅಡವಿಯ ಅಂಚಿನಲ್ಲಿ ಕುಳಿತ ಹೆಣ್ಣುಮಗಳ ಪಾಲಿಗೆ ಬದಲಾದುದೆಷ್ಟು? ಪ್ರಸ್ತುತ ನಾವು ವಿಚಾರಿಸಬೇಕಾದ ಪ್ರಶ್ನೆ ಇದೇ.

ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯು ಹರಾಜಿನದು. ಇಂಥ ಅಡವಿಯ ಇಂಥ ಹುಟ್ಟುವಳಿಯನ್ನು ಇಷ್ಟು ಅವಧಿಗೆ ಕೂಡಿಸಿಕೊಳ್ಳುವ ಅಧಿಕಾರವನ್ನು ಅರಣ್ಯ ಇಲಾಖೆಯು ಸವಾಲಿಗಿಡುವುದು. ಹೆಚ್ಚಿನ ಸವಾಲು ಕೂಗಿದ ಗುತ್ತೇದಾರನು ಅದನ್ನು ಹಿಡಿಯುವನು. ಅಂದಿನಿಂದ ಕಾಡಿನಲ್ಲಿ ಹುಟ್ಟಿ ಬೆಳೆದವರು ಅವನ ಕೂಲಿಯಾಳುಗಳು. ಅವನ ಹೊರತು ಬೇರೆಯವರಿಗೆ ಮಾರಿದರೆ ಕಳವು. ಗುತ್ತೇದಾರನು ದುಷ್ಟನೆಂದು ನಾವು ಹೇಳುವುದಿಲ್ಲ. ಅವನೂ ಬಂಡವಾಳ ಹೂಡಿ ಲಾಭ ನೋಡುವ ವ್ಯಾಪಾರಿ. ದೋಷವಿರುವುದು ಪದ್ಧತಿಯಲ್ಲಿ. ಒಂದೆರಡು ವರ್ಷಕ್ಕೆ ಮಾತ್ರ ಕಾಡನ್ನು ಹಿಡಿದವನಿಗೆ ಮೂರನೆಯ ವರ್ಷದ ಚಿಂತೆ ಏಕೆ ಬಂದೀತು? ಕೊಟ್ಟ ಹಣವನ್ನು ಅವಧಿ ತೀರುವುದರೊಳಗೆ ಹಿಂಡಿ ತೆಗೆಯುವುದೇ ಅವನ ಲೆಕ್ಕಾಚಾರ. ಇತ್ತ ಕೂಡಿಸುವವರಿಗೂ ನಾಳೆಯ ಭರವಸೆ ಇಲ್ಲ. ತಾನು ಬಿಟ್ಟುಬಂದ ಕಾಯಿಯನ್ನು ಮತ್ತೊಬ್ಬನು ಹರಿಯುವನೆಂಬುದು ನಿಶ್ಚಯವಾಗಿರುವಾಗ, ಕಾಯಿ ಬಲಿಯಲೆಂದು ಕಾಯುವ ಮೂಢತನವನ್ನು ಬಡವನಿಂದ ನಿರೀಕ್ಷಿಸುವುದು ನ್ಯಾಯವೆ?

ಸೀತಾಫಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಈ ಗಿಡವು ಕಲ್ಲುನೆಲದಲ್ಲಿಯೂ ಬೇರು ಬಿಡುವುದು, ಆಡು ಇದರ ಎಲೆಯನ್ನು ಮುಟ್ಟುವುದಿಲ್ಲ, ನೀರೆರೆಯುವವರು ಬೇಕಿಲ್ಲ. ಕಾಯಿ ಬಲಿತಾಗ ಅದರ ‘ಕಣ್ಣು’ಗಳು ಅಗಲವಾಗಿ, ಅವುಗಳ ನಡುವಣ ಗೆರೆ ಬೆಳ್ಳಗೆ ಹಳದಿಗೆ ತಿರುಗುವುದು, ಆಗ ಹರಿದರೆ ಮೂರು ನಾಲ್ಕು ದಿನಗಳಲ್ಲಿ ಸಿಹಿಯಾಗಿ ಹಣ್ಣಾಗುವುದು. ಕಣ್ಣು ತೆರೆಯುವ ಮೊದಲೇ ಹರಿದರೆ ಕಪ್ಪಾಗಿ ಗಟ್ಟಿಯಾಗಿ ಹಾಳಾಗುವುದು. ಇದನ್ನು ತಾಂಡೆಯ ಮಗುವೂ ಬಲ್ಲದು. ಆದರೂ ಪೈಪೋಟಿಯಲ್ಲಿ ಎಳೆಗಾಯಿ ಹರಿಯುವುದು ನಡೆಯುವುದು. ಹರಿದ ಕಾಯಿಯನ್ನು ಹೆದ್ದಾರಿಯ ಬದಿಯಲ್ಲಿ ಬುಟ್ಟಿಯ ಲೆಕ್ಕದಲ್ಲಿ ಮಾರುವುದಾಗಲಿ, ದಲಾಲಿಗೆ ಅವನು ಹೇಳಿದ ದರಕ್ಕೆ ಕೊಡುವುದಾಗಲಿ ಅನಿವಾರ್ಯವಾಗುವುದು. ಮೂರು ದಿನಕ್ಕೆ ಕೊಳೆಯುವ ಸರಕನ್ನು ಹೊತ್ತು ನಿಂತವನಿಗೆ ಚೌಕಾಶಿಯ ಬಲವೆಲ್ಲಿಯದು? ಅದೇ ಹಣ್ಣಿನ ತಿರುಳು ಮಹಾನಗರಗಳಲ್ಲಿ ಐಸ್‌ಕ್ರೀಮಿನ ಅಂಗಡಿಯಲ್ಲಿ ಯಾವ ಬೆಲೆಗೆ ಮಾರಾಟವಾಗುವುದೆಂಬುದನ್ನು ಪಟ್ಟಣದ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಈ ಅನ್ಯಾಯಕ್ಕೆ ಮದ್ದು ಕಾಯಿದೆಯಲ್ಲಿ ಇಲ್ಲದೆ ಇಲ್ಲ. ಅರಣ್ಯವಾಸಿಗಳಿಗೆ ‘ಐತಿಹಾಸಿಕ ಅನ್ಯಾಯ’ವಾಗಿದೆಯೆಂದು ಸ್ವತಃ ಒಪ್ಪಿಕೊಂಡು ಭಾರತದ ಪಾರ್ಲಿಮೆಂಟು 2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆಯನ್ನು ಮಾಡಿತು. ಪೂರ್ವದಿಂದ ಕೂಡಿಸಿಕೊಂಡು ಬಂದ ಕಿರು ಉತ್ಪನ್ನಗಳ ಮೇಲೆ ಒಡೆತನ, ಅವುಗಳನ್ನು ಕೂಡಿಸುವ, ಬಳಸುವ, ಮಾರುವ ಹಕ್ಕು ಆ ಜನರದೆಂದು ಅದರ ಮೂರನೆಯ ಕಲಮು ಸ್ಪಷ್ಟವಾಗಿ ಸಾರುವುದು. 2012ರಲ್ಲಿ ತಿದ್ದಿದ ನಿಯಮಗಳು ಇನ್ನೂ ಮುಂದೆ ಹೋಗಿ, ಈ ಹುಟ್ಟುವಳಿಯ ಮೇಲೆ ರಾಜಧನವನ್ನಾಗಲಿ ಶುಲ್ಕವನ್ನಾಗಲಿ ಎತ್ತಕೂಡದೆಂದೂ, ಸಂಸ್ಕರಿಸಿ, ಸಂಗ್ರಹಿಸಿ, ವಾಹನದಲ್ಲಿ ಹೊರಗೆ ಸಾಗಿಸಿ ಮಾರುವುದೂ ಹಕ್ಕಿನೊಳಗೇ ಸೇರಿದೆಯೆಂದೂ, ಸಾಗಾಟದ ರಹದಾರಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದೆಂದೂ ವಿಧಿಸಿವೆ. ಅಡವಿಯೊಳಗೇ ಮನೆ ಇರಬೇಕೆಂಬ ನಿರ್ಬಂಧವಿಲ್ಲ, ಜೀವನಕ್ಕಾಗಿ ಅಡವಿಯನ್ನು ನಂಬಿದವರಿಗೂ ಇದು ಅನ್ವಯಿಸುವುದೆಂದು ಕೇಂದ್ರ ಸರಕಾರವು 2008ರಲ್ಲಿಯೇ ತಿಳಿಸಿದೆ. ಅಂದ ಮೇಲೆ ಹಕ್ಕುಳ್ಳ ಗ್ರಾಮಸಭೆಯ ಮೇರೆಯೊಳಗೆ ಗುತ್ತೇದಾರನಿಗೆ ಸವಾಲು ಕೂಗಿಸುವ ಪ್ರಸಂಗವೇ ಉಳಿಯಲಾರದು.

ಹಾಗಿದ್ದರೆ ತೊಡಕೆಲ್ಲಿ? ಅದೇ ಕಾಯಿದೆಯ ಇನ್ನೊಂದು ವಾಕ್ಯದಲ್ಲಿ. ಹಕ್ಕು ಕೇಳುವವನು ಅನುಸೂಚಿತ ಬುಡಕಟ್ಟಿನವನಾಗಿದ್ದರೆ 2005ರ ಡಿಸೆಂಬರ 13ಕ್ಕೆ ಮುಂಚೆ ಅಡವಿಯನ್ನು ನಂಬಿ ಬಾಳಿದ್ದನೆಂದರೆ ಸಾಕು. ಉಳಿದವರು ‘ಇತರ ಪಾರಂಪರಿಕ ಅರಣ್ಯವಾಸಿಗಳು’. ಅವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸಿಸಿ ಅಡವಿಯನ್ನು ಅವಲಂಬಿಸಿದ್ದರೆಂದು ತೋರಿಸಬೇಕು. 75 ವರ್ಷ ಹಿಂದೆ ಹೋದರೆ 1930ನೆಯ ಇಸವಿ. ಆಗ ಬಸವಕಲ್ಯಾಣವು ‘ಕಲ್ಯಾಣಿ’ಯೆಂಬ ಜಹಗೀರು, ರಾಜ್ಯವು ನಿಜಾಮರದು, ದಫ್ತರವು ಉರ್ದುವಿನದು. ಜಹಗೀರುಗಳು ರದ್ದಾದುದು 1949ರಲ್ಲಿ. ಆ ಕಾಲದ ಕಾಗದಗಳಲ್ಲಿ ಬಡವನ ಹೆಸರು ಬಂದಿದ್ದರೆ ಅದು ಅವನ ಮಕ್ಕಳು ಮೊಮ್ಮಕ್ಕಳು ಓದಲಾರದ ಲಿಪಿಯಲ್ಲಿದೆ. ಬಾರದಿದ್ದರೆ ಇಲ್ಲವೇ ಇಲ್ಲ.

ಲಂಬಾಣಿಗಳ ಸ್ಥಿತಿಯಂತೂ ವಿಚಿತ್ರತರವಾದುದು. ಎತ್ತಿನ ಹೇರುಗಳ ಮೇಲೆ ಧಾನ್ಯ ಉಪ್ಪುಗಳನ್ನು ಸಾಗಿಸುತ್ತ ದಖ್ಖಣವನ್ನೆಲ್ಲ ಸುತ್ತಿದ ಜನರಿವರು. ರೈಲು ಬಂದು ಕಸುಬು ಹೋಯಿತು. ಅಡವಿಯ ಅಂಚಿನಲ್ಲಿ ತಾಂಡೆ ಕಟ್ಟಿ ನಿಂತರು. ಆ ತಾಂಡೆಗಳಲ್ಲಿ ಅನೇಕವು ಕಂದಾಯ ದಫ್ತರಕ್ಕೆ ಊರುಗಳೇ ಆಗಿರಲಿಲ್ಲ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಇಂಥ ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿ, ಸುಮಾರು 50,000 ಕುಟುಂಬಗಳಿಗೆ ಮನೆಯ ಹಕ್ಕುಪತ್ರಗಳನ್ನು ಹಂಚುವ ಸಮಾರಂಭವು ಮಳಖೇಡದಲ್ಲಿ ನಡೆದುದು 2023ರ ಜನವರಿಯಲ್ಲಿ. ಇದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಕೇಳಬೇಕಾದ ಮಾತೊಂದಿದೆ: ಸರಕಾರದ ಕಾಗದದ ಕಣ್ಣಿಗೆ 2023ರವರೆಗೂ ಬೀಳದ ತಾಂಡೆಯು, ತಾನು 1930ರಲ್ಲಿ ಇದ್ದೆನೆಂಬ ಕಾಗದವನ್ನು ಎಲ್ಲಿಂದ ತಂದೀತು? ದಾಖಲೆಯನ್ನು ಬರೆಯಬೇಕಾಗಿದ್ದವರು ಬರೆಯದೆ ಬಿಟ್ಟು, ಈಗ ದಾಖಲೆಯಿಲ್ಲವೆಂದು ಅವರಿಗೇ ಬಾಗಿಲು ಮುಚ್ಚುವುದು ಯಾವ ಧರ್ಮ?

ಇನ್ನೂ ಒಂದು ವಿಪರೀತವಿದೆ. ಹುಮನಾಬಾದ, ಚಿಟಗುಪ್ಪಗಳಿಂದ ಪೂರ್ವಕ್ಕೆ ಕೆಲವು ಹರದಾರಿ ನಡೆದರೆ ತೆಲಂಗಾಣದ ಜಹೀರಾಬಾದ ಸೀಮೆ. 1956ರ ತನಕ ಇದೆಲ್ಲ ಒಂದೇ ರಾಜ್ಯ. ಗಡಿಯ ಆಚೆಯ ಲಂಬಾಣಿಯು 1976ರ ಶಾಸನದಂತೆ ಅನುಸೂಚಿತ ಬುಡಕಟ್ಟಿನವನು; ಈಚೆಯ ಲಂಬಾಣಿಯು ಅದೇ ಶಾಸನದಂತೆ ಅನುಸೂಚಿತ ಜಾತಿಯವನು. ಅಣ್ಣನ ಮನೆ ಆಚೆ, ತಮ್ಮನ ಮನೆ ಈಚೆ ಇದ್ದರೆ, ಒಂದೇ ಬಗೆಯ ಅಡವಿಯಿಂದ ಒಂದೇ ಹಣ್ಣನ್ನು ಕೂಡಿಸಿದ ಅಣ್ಣನಿಗೆ 2005ರ ಆ ದಿನಕ್ಕೆ ಮುಂಚಿನ ಸಾಕ್ಷ್ಯ ಸಾಕು, ತಮ್ಮನಿಗೆ ಮೂರು ತಲೆಮಾರಿನ ಸಾಕ್ಷ್ಯ ಬೇಕು. ಮೀಸಲಾತಿಯ ಯಾದಿಗಳಲ್ಲಿ ಯಾರು ಎಲ್ಲಿರಬೇಕೆಂಬ ವಿವಾದಕ್ಕೆ ನಾವು ಇಲ್ಲಿ ಕೈ ಹಾಕುವುದಿಲ್ಲ. ಆ ಯಾದಿಗಳು ಬೇರೆ ಉದ್ದೇಶಕ್ಕಾಗಿ ಹುಟ್ಟಿದವುಗಳು. ಅಡವಿಯ ಮೇಲಿನ ಹಕ್ಕಿಗೆ ಅವುಗಳನ್ನೇ ಅಳತೆಗೋಲಾಗಿ ಮಾಡಿದುದರಿಂದ ಇಂಥ ವಕ್ರತೆ ಹುಟ್ಟಿತೆಂಬುದನ್ನು ಮಾತ್ರ ತೋರಿಸುತ್ತೇವೆ. ಪಾರ್ಲಿಮೆಂಟಿನಲ್ಲಿ ಈ ಸೀಮೆಯ ಪ್ರತಿನಿಧಿಗಳಾದವರು, ಕಿರು ಉತ್ಪನ್ನಗಳ ಸಾಮುದಾಯಿಕ ಹಕ್ಕಿನ ಮಟ್ಟಿಗಾದರೂ 75 ವರ್ಷದ ನಿಬಂಧನೆಯನ್ನು ಸಡಿಲಿಸುವಂತೆ ಒತ್ತಾಯಿಸುವುದು ಅವರ ಕರ್ತವ್ಯವಾಗಿದೆ. ಭೂಮಿಯನ್ನು ಕೇಳುವವನಿಗೂ ಬಿದ್ದ ಬೇವಿನ ಬೀಜವನ್ನು ಆಯುವವಳಿಗೂ ಒಂದೇ ಕಠಿನ ಪರೀಕ್ಷೆಯನ್ನು ಒಡ್ಡುವುದು ವಿವೇಕವಲ್ಲ.

ಆದರೆ ತಿದ್ದುಪಡಿಯಾಗುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕೆ? ಖಂಡಿತವಾಗಿ ಅಲ್ಲ. ಇದೇ ಕಾಯಿದೆಯ ನಿಯಮಗಳು ಸಾಕ್ಷ್ಯಕ್ಕಾಗಿ ಸರಕಾರಿ ಕಾಗದವೊಂದನ್ನೇ ನೆಚ್ಚಿಲ್ಲ. ಗೆಜೆಟಿಯರು, ಜನಗಣತಿ, ಸರ್ವೆಯ ವರದಿಗಳು ಸಾಕ್ಷ್ಯ. ಹಳೆಯ ಬಾವಿ, ಸ್ಮಶಾನ, ದೇವಸ್ಥಾನಗಳು ಸಾಕ್ಷ್ಯ. ಹಕ್ಕು ಕೇಳದ ಬೇರೆ ಹಿರಿಯರು ಹೇಳಿ ಬರೆಯಿಸಿದ ಮಾತೂ ಸಾಕ್ಷ್ಯ. ತಾಂಡೆಗಳಲ್ಲಿ ತೊಂಬತ್ತರ ಹತ್ತಿರ ಬಂದ ಹಿರಿಯರು ಇನ್ನೂ ಉಳಿದಿದ್ದಾರೆ. ತಾವು ಬಾಲ್ಯದಲ್ಲಿ ಕಂಡುದನ್ನೂ ತಂದೆತಾಯಿಗಳಿಂದ ಕೇಳಿದುದನ್ನೂ ಅವರು ಹೇಳಬಲ್ಲರು. ಇನ್ನು ಹತ್ತು ವರ್ಷಕ್ಕೆ ಈ ಸಾಕ್ಷ್ಯವು ಮಣ್ಣುಗೂಡುವುದು. ಆದುದರಿಂದ ಮೊದಲ ಕಾರ್ಯವೆಂದರೆ ತಾಂಡೆ ತಾಂಡೆಗೂ ಹೋಗಿ ಆ ಹೇಳಿಕೆಗಳನ್ನು ವಿಧಿಪೂರ್ವಕವಾಗಿ ಬರೆದುಕೊಳ್ಳುವುದು. ಎರಡನೆಯದು ಉರ್ದು ದಫ್ತರಗಳಲ್ಲಿಯ ಅಡವಿ, ಗಾಯರಾಣ, ಜಹಗೀರುಗಳ ಕಾಗದಗಳನ್ನು ಸರಕಾರದ ವೆಚ್ಚದಿಂದಲೇ ಕನ್ನಡಿಸುವುದು. ಬೀದರದಲ್ಲಿ ಉರ್ದು ಬಲ್ಲ ವಿದ್ವಾಂಸರಿಗೆ ಕೊರತೆಯೆ? ಈ ಕಾರ್ಯಕ್ಕೆ ಬೇಕಾಗುವ ದ್ರವ್ಯವು, ಸಂವಿಧಾನದ 371(ಜೆ) ವಿಧಿಯ ಫಲವಾಗಿ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಯ ಬೊಕ್ಕಸದಲ್ಲಿ ಒಂದು ಹನಿಯಷ್ಟೂ ಆಗಲಾರದು. ಬಡವನ ಅರ್ಜಿಯನ್ನು ದಾಖಲೆಯಿಲ್ಲವೆಂಬ ಒಂದೇ ಮಾತಿನಿಂದ ತಳ್ಳುವ ಮೊದಲು, ಆ ದಾಖಲೆಯನ್ನು ಹುಡುಕಿಕೊಡುವ ಹೊಣೆ ಯಾರದೆಂದು ಉಪವಿಭಾಗದ ಅಧಿಕಾರಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಹೇಳಿ, ಹದಿನೈದು ದಿನಗಳಲ್ಲಿಯೇ ಆ ಆಜ್ಞೆಯನ್ನು ತಡೆಹಿಡಿಯಬೇಕಾಗಿ ಬಂದುದು, ತಿರಸ್ಕಾರಗಳು ಎಷ್ಟರಮಟ್ಟಿಗೆ ವಿಚಾರಪೂರ್ವಕವಾಗಿದ್ದುವೆಂಬ ಸಂಶಯದಿಂದಲೇ ಅಲ್ಲವೆ?

ಅರಣ್ಯ ಇಲಾಖೆಯವರ ಆಕ್ಷೇಪವೊಂದನ್ನು ಇಲ್ಲಿ ನ್ಯಾಯವಾಗಿ ತೂಗಿ ನೋಡಬೇಕು. ‘ಇರುವುದೇ ಅಂಗೈಯಗಲ ಅಡವಿ, ಅದನ್ನು ಜನರ ಕೈಗೆ ಕೊಟ್ಟರೆ ನಾಳೆ ಕುರುಚಲೂ ಉಳಿಯದು’ ಎಂಬುದು ಅವರ ಭಯ. ಈ ಭಯವು ನಿರಾಧಾರವೆಂದು ನಾವು ಹೇಳಲಾರೆವು. ಹೊಸ ಚಿಗುರು ಹೆಚ್ಚು ಬರಲೆಂದು ಬೀಡಿ ಎಲೆಯ ಪೊದೆಗಳಿಗೆ ಬೆಂಕಿ ಇಡುವುದುಂಟು. ಜೇನಿಗಾಗಿ ಇಟ್ಟ ಕೊಳ್ಳಿಯ ಕಿಡಿ ಗುಡ್ಡವನ್ನೇ ಸುಡುವುದುಂಟು. ಕೈಗೆಟುಕದ ನೆಲ್ಲಿಗಾಗಿ ಕೊಂಬೆಯನ್ನೇ ಕಡಿಯುವುದುಂಟು. ಮದ್ದಿನ ಬೇರಿಗಾಗಿ ಗಿಡವನ್ನು ಬುಡಸಹಿತ ಕೀಳುವುದುಂಟು. ಮಧ್ಯಭಾರತದ ಕಾಡುಗಳಲ್ಲಿ ಚಾರೋಳಿಯ ಮರಗಳು ಇಂಥ ಕೊಯ್ಲಿನಿಂದಲೇ ಕ್ಷೀಣಿಸಿವೆ. ಇವೆಲ್ಲ ಸತ್ಯ. ಆದರೆ ಇವು ನಡೆಯುತ್ತಿರುವುದು ಜನರಿಗೆ ಹಕ್ಕಿರುವ ಕಾಲದಲ್ಲಲ್ಲ, ಹಕ್ಕಿಲ್ಲದ ಕಾಲದಲ್ಲಿ. ಕಾವಲಿನಿಂದ ಅಡವಿ ಉಳಿಯುವಂತಿದ್ದರೆ ಇಷ್ಟು ವರ್ಷಗಳ ಕಾವಲಿನ ತರುವಾಯ ಈ ಗುಡ್ಡಗಳು ಹೀಗೇಕೆ ಬೋಳಾದುವು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಅನುಭವವು ನಮಗೆ ಮಾರ್ಗದರ್ಶಕವಾಗಬಹುದು. ಅಲ್ಲಿಯ ಸೋಲಿಗರು ನೆಲ್ಲಿ, ಜೇನು, ಪಾಚಿಗಳನ್ನು ಕೂಡಿಸಿ ತಮ್ಮ ಸಹಕಾರ ಸಂಘಗಳ ಮುಖಾಂತರ ಮಾರಿಕೊಂಡು ಬಂದವರು. 2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯನ್ನು ಆಧಾರವಾಗಿಟ್ಟುಕೊಂಡು ಅವರ ಈ ಕಸುಬನ್ನು ನಿಲ್ಲಿಸಲಾಯಿತು. ಅಲ್ಲಿ ಬಹುವರ್ಷ ಶೋಧ ನಡೆಯಿಸಿದ ವಿಜ್ಞಾನಿಗಳು ನೆಲ್ಲಿಯ ಮರಗಳಿಗೆ ಹಣ್ಣು ಹರಿಯುವುದಕ್ಕಿಂತ ಲಂಟಾನದ ಹಾವಳಿಯೂ ಮರವನ್ನು ಹೀರುವ ಬಂದಳಿಕೆಯೂ ಹೆಚ್ಚಿನ ಕಂಟಕವೆಂದು ಕಂಡರು. ಬಂದಳಿಕೆಯನ್ನು ಕಡಿದುಹಾಕುವವರು ಯಾರು? ನೆಲ್ಲಿಗಾಗಿ ಮರವನ್ನೇರುವವನೇ. ಅವನನ್ನು ಕಾಡಿನಿಂದ ಹೊರಗಿಟ್ಟರೆ ಮರದ ವೈದ್ಯನನ್ನೇ ಹೊರಗಿಟ್ಟಂತೆ. ಕೊನೆಗೆ 2011ರಲ್ಲಿ, ಆ ಬೆಟ್ಟವು ಹುಲಿಗಳ ರಕ್ಷಿತ ಪ್ರದೇಶವಾದ ವರ್ಷವೇ, ಸೋಲಿಗರ ಪೋಡುಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹುಲಿಯಿರುವ ಕಾಡಿನಲ್ಲಿ ಸಾಧ್ಯವಾದುದು ಸೀತಾಫಲದ ಕುರುಚಲಿನಲ್ಲಿ ಅಸಾಧ್ಯವೆ? ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಪುಟ್ಟ ಗೊಂಡ ಗ್ರಾಮವು 2009ರಲ್ಲಿ ಹಕ್ಕು ಪಡೆದು, 2011ರಲ್ಲಿ ತನ್ನ ಬಿದಿರನ್ನು ತನ್ನದೇ ರಹದಾರಿಯಿಂದ ಮಾರಿ, ದೇಶಕ್ಕೇ ಮಾದರಿಯಾಯಿತು. ಆ ಊರಿನಲ್ಲಿ ಯಾವ ನಿರ್ಣಯವನ್ನೂ ಎಲ್ಲರ ಒಮ್ಮತವಿಲ್ಲದೆ ಮಾಡುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಹಕ್ಕಿನ ಜೊತೆಗೆ ಹೊಣೆ ಇರಲೇಬೇಕು. ಗ್ರಾಮಸಭೆಗಳು ಕೊಯ್ಲಿನ ಕಟ್ಟಳೆಗಳನ್ನು ತಾವೇ ಮಾಡಿಕೊಂಡು ತಾವೇ ನಡೆಯಿಸಬೇಕು. ಸೀತಾಫಲದ ಕೊಯ್ಲಿಗೆ ದಿನವನ್ನು ಗೊತ್ತುಮಾಡಿ, ಅದಕ್ಕೆ ಮುಂಚೆ ಯಾರೂ ಗುಡ್ಡ ಹತ್ತದಂತೆ ಮಾಡಬಹುದು. ಕಣ್ಣು ತೆರೆಯದ ಕಾಯಿಯನ್ನು ಕೊಳ್ಳುವುದಿಲ್ಲವೆಂದು ಸಂಘವು ನಿಶ್ಚಯಿಸಿದರೆ ಹರಿಯುವವರೇ ಇರುವುದಿಲ್ಲ. ಜೇನುಹುಟ್ಟಿನಲ್ಲಿ ಮರಿಗಳ ಭಾಗವನ್ನು ಬಿಟ್ಟು ತುಪ್ಪದ ಭಾಗವನ್ನಷ್ಟೇ ಕೊಯ್ಯುವುದು, ಎಲೆ ಕಿತ್ತ ಮುತ್ತುಗಕ್ಕೆ ವಿರಾಮ ಕೊಡುವುದು, ಪ್ರತಿ ಮರದಲ್ಲಿಯೂ ಹಕ್ಕಿಗೂ ಬೀಜಕ್ಕೂ ಒಂದಿಷ್ಟು ಬಿಡುವುದು, ಮಾಗಿ ಕಳೆಯುತ್ತಲೇ ಬೆಂಕಿಯ ಕಾವಲಿಗೆ ಸರದಿ ಹಾಕುವುದು, ಬೇರು ಕೀಳುವುದನ್ನು ಕೆಲವು ವರ್ಷ ನಿಲ್ಲಿಸುವುದು, ಇವುಗಳಿಗೆ ಹಣವೇನೂ ಬೇಕಿಲ್ಲ. ನಾಳೆಯೂ ಇದು ನಮ್ಮದೇ ಎಂಬ ಭರವಸೆಯೊಂದಿದ್ದರೆ ಸಾಕು. ಅರಣ್ಯ ಇಲಾಖೆಯವರು ಪಹರೆಯವರಾಗುವುದನ್ನು ಬಿಟ್ಟು ಉಪದೇಶಕರಾಗಲಿ. ವರ್ಷಕ್ಕೊಮ್ಮೆ ಜನರೊಡನೆ ಗುಡ್ಡ ಸುತ್ತಿ ಗಿಡಗಳ ಲೆಕ್ಕ ನೋಡಲಿ. ಎಳೆಯ ಗಿಡಗಳು ಕಡಿಮೆಯಾದುದು ಕಂಡರೆ ಮುಂದಿನ ವರ್ಷ ಕೊಯ್ಲನ್ನು ಇಳಿಸುವುದಕ್ಕೆ ಜನರೇ ಒಪ್ಪುವರು.

ಇನ್ನು ವ್ಯಾಪಾರದ ಮಾತು. ಹಕ್ಕುಪತ್ರವು ಗೋಡೆಯ ಮೇಲೆ ತೂಗಿದರೆ ಹೊಟ್ಟೆ ತುಂಬದು. ಕೇಂದ್ರ ಸರಕಾರವು 2013–14ರಿಂದ ಕಿರು ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯ ಯೋಜನೆಯನ್ನು ನಡೆಯಿಸುತ್ತಿದೆ. 2020ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ದರಗಳಂತೆ ಬೀಜಸಹಿತ ಹುಣಸೆಗೆ ಕಿಲೋಗೆ 36 ರೂಪಾಯಿ, ಹೊಂಗೆಯ ಬೀಜಕ್ಕೆ 22 ರೂಪಾಯಿ, ಕಾಡುಜೇನಿಗೆ 225 ರೂಪಾಯಿ. ಆದರೆ ಕೊಳ್ಳುವ ತಕ್ಕಡಿಯು ತಾಂಡೆಯ ಹತ್ತಿರ ತೂಗದಿದ್ದರೆ ಈ ಅಂಕೆಗಳು ಕಾಗದದ ಮೇಲಿನ ಬೆಲ್ಲ. ವಾರದ ಸಂತೆ ಕೂಡುವ ಊರುಗಳಲ್ಲಿಯೇ ಸಂಘದ ತಕ್ಕಡಿ ನಿಲ್ಲಬೇಕು. ಹಣವು ಅಂದೇ ಕೈಗೆ ಬರಬೇಕು. ಹುಮನಾಬಾದವು ಪುಣೆ–ಹೈದರಾಬಾದ ಹೆದ್ದಾರಿಯ ಮೇಲಿದೆ. ಇಲ್ಲೊಂದು ಸಹಕಾರಿ ಶೀತಲಗೃಹವನ್ನೂ, ಸೀತಾಫಲದ ತಿರುಳನ್ನು ಬೀಜದಿಂದ ಬೇರ್ಪಡಿಸಿ, ಕಪ್ಪಾಗುವ ಮೊದಲೇ ಹಿಮಗಟ್ಟಿಸುವ ಯಂತ್ರವನ್ನೂ ಇಟ್ಟರೆ ಮೂರು ದಿನದ ಹಣ್ಣು ತಿಂಗಳುಗಟ್ಟಲೆ ಬಾಳುವ ಸರಕಾಗುವುದು. ಚೌಕಾಶಿಯ ಬಲವು ದಲಾಲಿಯ ಕೈಯಿಂದ ಕೂಡಿಸುವವಳ ಕೈಗೆ ಬರುವುದು. ಛತ್ತೀಸಗಡದ ಕಾಂಕೇರ ಜಿಲ್ಲೆಯಲ್ಲಿ ಸ್ತ್ರೀಸಂಘಗಳು ಕಾಡು ಸೀತಾಫಲವನ್ನು ವಿಂಗಡಿಸಿ, ತಿರುಳು ತೆಗೆದು, ಹೆಸರಿಟ್ಟು ಮಾರುತ್ತಿವೆ. ಅವರು ಮಾಡಬಲ್ಲುದನ್ನು ನಮ್ಮ ಹೆಣ್ಣುಮಕ್ಕಳು ಮಾಡಲಾರರೆ?

ಬೇವಿನ ಕಥೆಯೂ ಕೇಳತಕ್ಕದ್ದು. ಬೇವಿನ ಎಣ್ಣೆಯಿಂದ ಬೂಷ್ಟನ್ನು ತಡೆಯುವ ವಿದ್ಯೆಯು ತನ್ನದೆಂದು ಅಮೆರಿಕದ ಕಂಪನಿಯೊಂದು ಯುರೋಪಿನಲ್ಲಿ ಪೇಟೆಂಟು ಪಡೆದಿದ್ದಿತು. ಭಾರತದವರು ಹೋರಾಡಿ 2000ದಲ್ಲಿ ಅದನ್ನು ರದ್ದುಗೊಳಿಸಿದರು; 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆ ಜಯದಿಂದ ನಾವೆಲ್ಲರೂ ಹಿಗ್ಗಿದೆವು. 2015ರಿಂದ ದೇಶದ ಯೂರಿಯಾ ಗೊಬ್ಬರಕ್ಕೆಲ್ಲ ಬೇವಿನೆಣ್ಣೆಯ ಲೇಪವು ಕಡ್ಡಾಯವಾಗಿ, ಬೇವಿನ ಬೀಜಕ್ಕೆ ಹೊಸ ಗಿರಾಕಿಯೂ ಹುಟ್ಟಿದನು. ಆದರೆ ಜ್ಯೇಷ್ಠದ ಬಿಸಿಲಿನಲ್ಲಿ ಬೀಜ ಆಯುವ ಮುದುಕಿಗೆ ಆ ಜಯದ ಪಾಲೆಷ್ಟು ಬಂದಿತು? ಪರದೇಶದವರಿಂದ ನಮ್ಮ ಬೇವನ್ನು ಉಳಿಸಿಕೊಂಡು, ನಮ್ಮವರಲ್ಲಿಯೇ ನ್ಯಾಯವಾಗಿ ಹಂಚಿಕೊಳ್ಳದೆ ಹೋದರೆ ಸ್ವದೇಶಿಯ ಅರ್ಥವೇನು?

ಅಡವಿಯನ್ನು ಬೆಳೆಸುವ ರೀತಿಯೂ ಬದಲಾಗಬೇಕು. ನೀಲಗಿರಿಯನ್ನು ಸಾಲು ಸಾಲಾಗಿ ನೆಟ್ಟು ಹಸುರಾಯಿತೆಂದು ಎಣಿಸಿದ ಕಾಲವೊಂದಿತ್ತು. ಸರಕಾರವೇ 2017ರಲ್ಲಿ ಅದರ ನೆಡುತೋಪನ್ನು ನಿಷೇಧಿಸಿತು. ಆ ಸ್ಥಳದಲ್ಲಿ ಹುಣಸೆ, ಹಿಪ್ಪೆ, ನೆಲ್ಲಿ, ಬಿಲ್ವ, ಹೊಂಗೆ, ಬೇವುಗಳನ್ನು, ಯಾವುದು ಎಲ್ಲಿ ಬೇಕೆಂದು ಕೂಡಿಸುವವರನ್ನೇ ಕೇಳಿ ನೆಡಲಿ. ಆದರೆ ಬಯಲನ್ನೆಲ್ಲ ಮರವಾಗಿಸುವ ಹಟವೂ ಬೇಡ. ಬೀದರದ ಹುಲ್ಲುಗಾವಲುಗಳು ಬಂಜರಲ್ಲ, ಕೃಷ್ಣಮೃಗದ ಮನೆ. ಗುಡ್ಡ ಹಸುರಾಗಿದ್ದರೆ ಚುಳಕಿನಾಲೆಗೂ ಮುಲ್ಲಾಮಾರಿಗೂ ಹೂಳು ಕಡಿಮೆಯಾಗಿ ನೀರು ಹೆಚ್ಚುವುದು. ಹಾಗೆ ನೋಡಿದರೆ ಸೀತಾಫಲದ ಗಿಡವನ್ನು ಕಾಯುವ ಲಂಬಾಣಿ ಹೆಂಗಸು ಕಾಯುವುದು ಕೆಳಗಿನ ಹೊಲದ ಒಕ್ಕಲಿಗನ ಬಾವಿಯನ್ನೂ ಹೌದು.

ಈ ನೆಲಕ್ಕೆ ಕಲ್ಯಾಣವೆಂಬ ಹೆಸರಿದೆ. 2019ರಲ್ಲಿ ಇಡೀ ಪ್ರಾಂತಕ್ಕೇ ಆ ಹೆಸರನ್ನಿಟ್ಟೆವು. 2021ರಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2024ರಲ್ಲಿ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಸಾರಿದೆವು. ಆ ಹನ್ನೆರಡನೆಯ ಶತಮಾನದ ಮಂಟಪದಲ್ಲಿ ಕುಳಿತವರು ಯಾರೆಂಬುದನ್ನು ನೆನೆಯೋಣ. ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯನು ಅಲ್ಲಿದ್ದನು. ಅಡವಿಯಿಂದ ಕಟ್ಟಿಗೆಯ ಹೊರೆ ಹೊತ್ತು ತಂದು ಮಾರಿದ ಮೋಳಿಗೆಯ ಮಾರಯ್ಯನು ಅಲ್ಲಿದ್ದನು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಯಿಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಆಯುವ ಕೈಗೂ ಒಂದು ಮೇರೆ ಇರಬೇಕೆಂಬ ಧರ್ಮವನ್ನು ಜಗತ್ತು ಇಂದು ಸಂರಕ್ಷಣೆಯೆಂದು ಕರೆಯುತ್ತಿದೆ; ಕಲ್ಯಾಣದ ಬಡ ಗೃಹಿಣಿಯೊಬ್ಬಳು ಅದನ್ನು ಎಂಟು ನೂರು ವರ್ಷಗಳ ಹಿಂದೆಯೇ ತನ್ನ ಗಂಡನಿಗೆ ಕಲಿಸಿದಳು. ಆದರೆ ಆ ಅಂಗಳದಿಂದ ಮಾರಯ್ಯನನ್ನು ಯಾರೂ ಅಟ್ಟಲಿಲ್ಲ, ಅವನು ಆಯುವ ಅಕ್ಕಿಯನ್ನು ಯಾರೂ ಹರಾಜಿಗಿಡಲಿಲ್ಲ ಎಂಬುದನ್ನೂ ಮರೆಯಬಾರದು. ಮಿತಿಯನ್ನು ಅವನ ಮನೆಯೇ ಹಾಕಿಕೊಂಡಿತು, ಏಕೆಂದರೆ ಕಾಯಕವು ಅವನದೇ ಆಗಿತ್ತು.

ಆದುದರಿಂದ ಬಸವಕಲ್ಯಾಣ, ಹುಮನಾಬಾದಗಳ ವಕೀಲರಲ್ಲಿ, ಶಿಕ್ಷಕರಲ್ಲಿ, ವರ್ತಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಾಂಡೆಯ ಅರ್ಜಿಯನ್ನು ಬರೆದುಕೊಡುವುದಕ್ಕೆ ಒಂದು ಭಾನುವಾರವನ್ನು ಕೊಡಿರಿ. ಉರ್ದು ಬಲ್ಲ ಹಿರಿಯರು ಒಂದು ಹಳೆಯ ಕಡತವನ್ನು ಬಿಡಿಸಿ ಓದಿರಿ. ವರ್ತಕರು ಸಂಘದ ತಕ್ಕಡಿಗೆ ಅಡ್ಡ ಬಾರದಿರಿ. ಅಧಿಕಾರಿಗಳಲ್ಲಿ ಇಷ್ಟೇ ಕೋರುತ್ತೇವೆ: ಬರುವ ಸೀತಾಫಲದ ಕೊಯ್ಲಿಗೆ ಮುಂಚೆಯೇ ಈ ಎರಡು ತಾಲೂಕುಗಳ ಗ್ರಾಮಸಭೆಗಳನ್ನು ಕರೆಯಿಸಿರಿ, ಸಾಮುದಾಯಿಕ ಹಕ್ಕಿನ ಅರ್ಜಿಗಳನ್ನು ತೆಗೆದುಕೊಳ್ಳಿರಿ, ಅವು ಇತ್ಯರ್ಥವಾಗುವ ತನಕ ಅಲ್ಲಿಯ ಹುಟ್ಟುವಳಿಯನ್ನು ಹರಾಜಿಗೆ ಇಡದಿರಿ. ಗುಡ್ಡದ ಮೇಲೆ ಕಾಯಿ ಕಣ್ಣು ತೆರೆಯುವುದಕ್ಕೆ ಮೊದಲು ಸರಕಾರವು ಕಣ್ಣು ತೆರೆಯಲಿ.